ಉಸಿರಿನ ಯಂತ್ರದ ಆಸರೆಯಲ್ಲಿರುವವರಿಗೆ ದ್ರವ ಎಷ್ಟು, ಯಾವಾಗ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ವೆಂಟಿಲೇಟರ್ ಅಥವಾ ಎಕ್ಮೋ (ರಕ್ತವನ್ನು ಮೈಯಿಂದ ಹೊರಗೆಳೆದು, ಆಮ್ಲಜನಕ ತುಂಬಿ ಮರಳಿಸುವ ಯಂತ್ರ) ಆಸರೆಯಲ್ಲಿರುವ ರೋಗಿಗಳ ಡ್ರಿಪ್, ಮೂತ್ರ, ಊತ ಇವುಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೇಳಿದವರಲ್ಲಿ ರೋಗಿಗಳ ಮನೆಯವರೂ ಇದ್ದಾರೆ, ಐಸಿಯುನಲ್ಲಿ ದುಡಿಯುವವರೂ ಇದ್ದಾರೆ. ಹಾಗಾಗಿ ಕೆಲವು ಉತ್ತರ ಸರಳವಾಗಿವೆ, ಕೆಲವು ತಾಂತ್ರಿಕವಾಗಿವೆ. ಇಲ್ಲಿ ಕೊಟ್ಟಿರುವ ಪ್ರಮಾಣಗಳೆಲ್ಲ ವಯಸ್ಕರಿಗೆ ಸಂಬಂಧಿಸಿದವು. ಮಕ್ಕಳ ಲೆಕ್ಕವೇ ಬೇರೆ.

ಪ್ರಶ್ನೆ: ನಮ್ಮ ತಂದೆಯವರು ನ್ಯುಮೋನಿಯಾದಿಂದ ವೆಂಟಿಲೇಟರ್ ಮೇಲಿದ್ದಾರೆ. ಮೊದಲ ದಿನ ಬಾಟಲಿ ಮೇಲೆ ಬಾಟಲಿ ಸಲೈನ್ ಏರಿಸಿದರು. ಮೂರನೇ ದಿನದಿಂದ ಮೈಯಲ್ಲಿನ ನೀರು ತೆಗೆಯಲು ಇಂಜೆಕ್ಷನ್ ಕೊಡುತ್ತಿದ್ದಾರೆ. ಹಾಗಾದರೆ ಮೊದಲು ಕೊಟ್ಟದ್ದು ತಪ್ಪಾಯಿತೇ? (ರೋಗಿಯ ಮಗಳು)

ಉತ್ತರ: ತಪ್ಪಲ್ಲ. ಒಂದೇ ಕಾಯಿಲೆಯ ಎರಡು ಹಂತಗಳಿಗೆ ಎರಡು ಬಗೆಯ ಚಿಕಿತ್ಸೆ ನಡೆದಿದೆ. ಸೋಂಕು ರಕ್ತಕ್ಕೆ ಹರಡಿದಾಗ ರಕ್ತನಾಳಗಳು ಸಡಿಲಗೊಳ್ಳುತ್ತವೆ, ಸೋರತೊಡಗುತ್ತವೆ, ರಕ್ತದೊತ್ತಡ ಕುಸಿಯುತ್ತದೆ. ಆ ಗಳಿಗೆಯಲ್ಲಿ ಮಿದುಳು, ಮೂತ್ರಪಿಂಡಗಳಿಗೆ ರಕ್ತ ತಲುಪಿಸುವುದೇ ಮೊದಲ ಕೆಲಸ. ಮೊದಲ 3 ಗಂಟೆಗಳಲ್ಲಿ ಕೆ.ಜಿ. ತೂಕಕ್ಕೆ ಸುಮಾರು 30 ಮಿ.ಲೀ. ಕೊಡಬಹುದೆಂಬುದು ಪ್ರಚಲಿತ ಮಾರ್ಗಸೂಚಿ. 60 ಕೆ.ಜಿ. ತೂಕದವರಿಗೆ ಅದು 1800 ಮಿ.ಲೀ. ಆಗುತ್ತದೆ.

ಕಷ್ಟ ಶುರುವಾಗುವುದು ಆಮೇಲೆ. ಸಲೈನ್, ರಿಂಗರ್ ಲ್ಯಾಕ್ಟೇಟ್‌ನಂಥ ದ್ರವಗಳು ರಕ್ತನಾಳದೊಳಗೆ ಬಹಳ ಹೊತ್ತು ನಿಲ್ಲುವುದಿಲ್ಲ. ಒಂದು ಗಂಟೆ ಕಳೆಯುವಷ್ಟರಲ್ಲಿ ಹೆಚ್ಚಿನ ಪಾಲು ಅಂಗಾಂಶಗಳಿಗೆ ಇಳಿದಿರುತ್ತದೆ. ಚರ್ಮದಡಿ ಇಳಿದರೆ ಊತ, ಕರುಳಿನ ಗೋಡೆಗೆ ಇಳಿದರೆ ಹೊಟ್ಟೆ ಉಬ್ಬರ. ಶ್ವಾಸಕೋಶಕ್ಕೆ ಇಳಿದರೆ ನೇರವಾಗಿ ಆಮ್ಲಜನಕಕ್ಕೇ ಅಡ್ಡಿ. ಗಾಳಿಗೂಡಿಗೂ ರಕ್ತಕ್ಕೂ ನಡುವಿನ ಪೊರೆ ಒಂದು ಮೈಕ್ರಾನ್‌ಗಿಂತ ತೆಳು. ಉರಿಯೂತದಿಂದ ಅದು ತೂತಾಗಿದ್ದಾಗ ಲೋಮನಾಳದ ಒತ್ತಡ ತುಸು ಏರಿದರೂ ನೀರು ಒಳಗೆ ನುಗ್ಗುತ್ತದೆ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಶ್ವಾಸಕೋಶದ ತೀವ್ರ ಹಾನಿಯಿದ್ದ 1000 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಫ್ಯಾಕ್ಟ್ ಅಧ್ಯಯನ. ಧಾರಾಳವಾಗಿ ದ್ರವ ಪಡೆದ ಗುಂಪಿನ ಮೈಯಲ್ಲಿ 7 ದಿನಗಳಲ್ಲಿ ಸರಾಸರಿ 7 ಲೀಟರಿನಷ್ಟು ನೀರು ಉಳಿದಿತ್ತು. ಬಿಗಿಹಿಡಿದು ಕೊಟ್ಟ ಗುಂಪಿನಲ್ಲಿ ಉಳಿಕೆ ಹೆಚ್ಚುಕಡಿಮೆ ಸೊನ್ನೆ. 28 ದಿನಗಳಲ್ಲಿ ವೆಂಟಿಲೇಟರ್ ಇಲ್ಲದೆ ಕಳೆದ ದಿನಗಳು ಮೊದಲ ಗುಂಪಿಗೆ 12.1, ಎರಡನೆಯದಕ್ಕೆ 14.6. ಸಾವಿನ ಪ್ರಮಾಣದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಡಯಾಲಿಸಿಸ್ ಬೇಕಾದವರ ಸಂಖ್ಯೆಯೂ ಹೆಚ್ಚಲಿಲ್ಲ. ದ್ರವ ಬಿಗಿಹಿಡಿದರೆ ಕಿಡ್ನಿ ಹೋಗುತ್ತದೆ ಎಂಬ ಭಯಕ್ಕೆ ಆಧಾರ ಸಿಗಲಿಲ್ಲ ಎಂಬುದೇ ನಮಗೆ ಅದರಲ್ಲಿ ಮುಖ್ಯವಾಗಿ ಕಾಣುವ ಅಂಶ. ಗಮನಿಸಿ, ಆ ಅಧ್ಯಯನದಲ್ಲೂ ಆಘಾತ (ರಕ್ತದೊತ್ತಡ ಕುಸಿದ ಸ್ಥಿತಿ) ಕಳೆದು, ರಕ್ತದೊತ್ತಡದ ಔಷಧಿ ನಿಂತು 12 ಗಂಟೆ ಆಗುವವರೆಗೆ ಮೂತ್ರ ಹೆಚ್ಚಿಸುವ ಔಷಧಿ ಕೊಡುತ್ತಿರಲಿಲ್ಲ. ನಿಮ್ಮ ತಂದೆಯವರಿಗೆ ಮೂರನೇ ದಿನ ಇಂಜೆಕ್ಷನ್ ಶುರು ಮಾಡಿದ್ದಾರೆಂದರೆ ಆಘಾತ ಕಳೆದಿರಬಹುದು. ವೈದ್ಯರನ್ನು ಹೀಗೇ ಕೇಳಿ: ರಕ್ತದೊತ್ತಡದ ಔಷಧಿ ಇಳಿಯುತ್ತಿದೆಯೇ, ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಾದಾಗ ರಕ್ತದಲ್ಲಿ ಏರುವ ವಸ್ತು) ಇಳಿಯುತ್ತಿದೆಯೇ?

ಪ್ರಶ್ನೆ: ಅಣ್ಣನ ಮುಖ, ಕೈಕಾಲು ಗುರುತು ಸಿಗದಷ್ಟು ಊದಿವೆ. ಆದರೂ ಡಾಕ್ಟರು "ರಕ್ತನಾಳದೊಳಗೆ ನೀರು ಸಾಲದು" ಎನ್ನುತ್ತಾರೆ. ಎರಡೂ ಒಟ್ಟಿಗೆ ನಿಜವಾಗಲು ಹೇಗೆ ಸಾಧ್ಯ?

ಉತ್ತರ: ಸಾಧ್ಯ. ಊತವೆಂದರೆ ನಾಳದ ಹೊರಗೆ ಸೇರಿದ ನೀರು. ಎಕ್ಮೋ ಪಂಪಿಗೆ, ಹೃದಯಕ್ಕೆ ಸಿಗುವುದು ನಾಳದೊಳಗಿನದು ಮಾತ್ರ. ನಾಳಗಳು ಸೋರುತ್ತಿರುವಾಗ ಮತ್ತು ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿದಿರುವಾಗ ಹೊರಗೆ ಕೆರೆ, ಒಳಗೆ ಬರ. ಸೋರಿಕೆ ಕಡಿಮೆಯಾದ ಮೇಲೆ ಹೊರಗಿನ ನೀರು ತಾನಾಗಿ ನಾಳಕ್ಕೆ ಮರಳುತ್ತದೆ. ಆದರೆ ಆ ಮರಳುವಿಕೆಗೆ ಒಂದು ವೇಗವಿದೆ. ಅದಕ್ಕಿಂತ ಬೇಗ ನೀರು ತೆಗೆದರೆ ಮೈ ಊದಿಕೊಂಡಿರುವಾಗಲೇ ರಕ್ತದೊತ್ತಡ ಕುಸಿಯುತ್ತದೆ.

ಪ್ರಶ್ನೆ: ನಾನು ಐಸಿಯು ಶುಶ್ರೂಷಕಿ. ಡ್ರಿಪ್ ಎಂದು ಬರೆದುಕೊಟ್ಟದ್ದು ಏನೂ ಇಲ್ಲ, ಎಲ್ಲ ನಿಲ್ಲಿಸಿದ್ದಾರೆ. ಆದರೂ ದಿನದ ಕೊನೆಗೆ ಲೆಕ್ಕ ಹಾಕಿದರೆ ಒಳಹೋದದ್ದು 2 ಲೀಟರ್ ಹತ್ತಿರ ಬರುತ್ತದೆ, ಅದೂ ನಳಿಕೆಯ ಆಹಾರ ಬಿಟ್ಟು. ಎಲ್ಲಿಂದ ಬರುತ್ತದೆ ಈ ನೀರು?

ಉತ್ತರ: ಔಷಧಿಗಳಿಂದ. ನಿಮ್ಮ ಪ್ರಶ್ನೆ ಈ ಕಂತಿನ ಅತ್ಯಂತ ಉಪಯುಕ್ತ ಪ್ರಶ್ನೆಗಳಲ್ಲೊಂದು. ಸಾಮಾನ್ಯ ರೋಗಿಯೊಬ್ಬರ ಹಾಳೆಯನ್ನು ಕೂಡಿ ನೋಡೋಣ. ಪ್ಯಾರಾಸಿಟಮಾಲ್ 100 ಮಿ.ಲೀ., ದಿನಕ್ಕೆ 4 ಸಲ: 400. ಎರಡು ಆ್ಯಂಟಿಬಯೋಟಿಕ್, ತಲಾ 100 ಮಿ.ಲೀ.ನಲ್ಲಿ 3 ಸಲ: 600. ಅಪಧಮನಿ ಮತ್ತು (ಹೃದಯದ ಬಳಿಯ ದೊಡ್ಡ ಸಿರೆಗೆ ಹಾಕಿದ) ಸೆಂಟ್ರಲ್ ಲೈನ್‌ಗಳ ಒತ್ತಡದ ಫ್ಲಶ್ ಚೀಲಗಳು ಗಂಟೆಗೆ ತಲಾ 3 ಮಿ.ಲೀ.: 144. ನಿದ್ರೆ ಮತ್ತು ನೋವಿನ ಎರಡು ಸಿರಿಂಜ್ ಪಂಪ್‌ಗಳು ಗಂಟೆಗೆ ತಲಾ 5 ಮಿ.ಲೀ.: 240. ನಾರ್‌ಅಡ್ರಿನಲಿನ್ (ರಕ್ತದೊತ್ತಡ ಏರಿಸುವ ಔಷಧಿ) ಅದೇ ವೇಗದಲ್ಲಿ: 120. ಪೊಟ್ಯಾಸಿಯಂ 100 ಮಿ.ಲೀ.ನಲ್ಲಿ ಎರಡು ಸಲ: 200. ಪ್ರತಿ ಔಷಧಿಯ ನಂತರ 10 ಮಿ.ಲೀ. ಫ್ಲಶ್, ದಿನಕ್ಕೆ 20 ಸಲ: 200. ಒಟ್ಟು 1904 ಮಿ.ಲೀ. ಇದಷ್ಟೂ ನಾರ್ಮಲ್ ಸಲೈನ್‌ನಲ್ಲಿದ್ದರೆ ಅದರ ಜತೆ ಸುಮಾರು 17 ಗ್ರಾಂ ಉಪ್ಪು ಹೋಗಿದೆ. ನೀರಿಗಿಂತ ಈ ಉಪ್ಪೇ ದೊಡ್ಡ ಕಂಟಕ. ಅದು ಮೈಯಲ್ಲಿ ಉಳಿದಷ್ಟೂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಕಡಿಮೆ ಮಾಡುವ ದಾರಿಗಳಿವೆ. ಕರುಳು ಆಹಾರ ಹೀರುತ್ತಿದ್ದರೆ ಪ್ಯಾರಾಸಿಟಮಾಲ್, ಪೊಟ್ಯಾಸಿಯಂ ಎರಡನ್ನೂ ನಳಿಕೆಯಿಂದ ಕೊಡಲು ಕೇಳಿ. ಸಿರಿಂಜ್ ಪಂಪ್ ಔಷಧಿಗಳನ್ನು ಇಮ್ಮಡಿ ಸಾಂದ್ರತೆಯಲ್ಲಿ ಕಲಸಿದರೆ ನೀರು ಅರ್ಧವಾಗುತ್ತದೆ. ಆದರೆ ಇಲ್ಲೇ ಅನಾಹುತವೂ ಕಾದಿದೆ. ಹೊಸ ಸಿರಿಂಜ್ ಹಾಕಿ ಪಂಪಿನ ವೇಗ ಬದಲಿಸದಿದ್ದರೆ ಔಷಧಿ ಎರಡು ಪಟ್ಟು ಹೋಗುತ್ತದೆ. ಬೇರೆ ಬಣ್ಣದ ಲೇಬಲ್ ಅಂಟಿಸಿ, ಇಬ್ಬರು ಸೇರಿ ಪರೀಕ್ಷಿಸಿಯೇ ಪಂಪ್ ಚಾಲೂ ಮಾಡಬೇಕು. ಆ್ಯಂಟಿಬಯೋಟಿಕ್ಕನ್ನು ಔಷಧಿಯ ಸೂಚನಾಪತ್ರ ಒಪ್ಪುವ ಅತಿ ಕಡಿಮೆ ಪ್ರಮಾಣದಲ್ಲಿ ಕಲಸಬಹುದು. ಹಾಗೆ 50 ಮಿ.ಲೀ.ಗೆ ಇಳಿಸಿದಾಗ ಡ್ರಿಪ್ ನಳಿಕೆಯೊಳಗೇ ಉಳಿಯುವ 15ರಿಂದ 20 ಮಿ.ಲೀ. ಲೆಕ್ಕಕ್ಕೆ ಬರುತ್ತದೆ. ಅದನ್ನು ಹಿಂಬಾಲಿಸಿ ತಳ್ಳದಿದ್ದರೆ ಮೂರನೇ ಒಂದು ಪಾಲಿನಷ್ಟು ಔಷಧಿ ರೋಗಿಗೆ ತಲುಪುವುದೇ ಇಲ್ಲ. ಪೊಟ್ಯಾಸಿಯಂ ಗಟ್ಟಿಯಾಗಿ ಕೊಡಬೇಕಾದರೆ ಸೆಂಟ್ರಲ್ ಲೈನ್‌ನಲ್ಲೇ, ಇಸಿಜಿ ನೋಡುತ್ತಾ, ಗಂಟೆಗೆ 20 ಮಿಲಿಮೋಲ್ ಮೀರದಂತೆ.

ಹೊರಹೋಗುವ ಲೆಕ್ಕದಲ್ಲಿ ಮೂತ್ರ, ಹೊಟ್ಟೆಯ ನಳಿಕೆ, ಡ್ರೇನ್, ಭೇದಿ ಇವನ್ನು ಅಳೆಯಬಹುದು. ಅಳೆಯಲಾಗದ್ದು ಬೆವರು, ಉಸಿರು. ಸಾಮಾನ್ಯವಾಗಿ ಇದು ದಿನಕ್ಕೆ ಕೆ.ಜಿ.ಗೆ 10 ಮಿ.ಲೀ. ಆಸುಪಾಸು. ವೆಂಟಿಲೇಟರಿನ ಗಾಳಿಯನ್ನು ಬಿಸಿ ಮಾಡಿ ತೇವಗೊಳಿಸಿ ಕೊಡುವುದರಿಂದ ಉಸಿರಿನ ಪಾಲು ಅದರಲ್ಲಿ ಬಹುತೇಕ ಇಲ್ಲವಾಗುತ್ತದೆ, ಜ್ವರವಿದ್ದರೆ ಬೆವರಿನ ಪಾಲು ಏರುತ್ತದೆ. ಎಕ್ಮೋ ರೋಗಿಗಳಲ್ಲಿ ಇನ್ನೊಂದು ದಾರಿಯಿದೆ. ಆಕ್ಸಿಜನೇಟರ್‌ಗೆ (ರಕ್ತಕ್ಕೆ ಆಮ್ಲಜನಕ ತುಂಬುವ ಎಕ್ಮೋ ಭಾಗ) ಸ್ವೀಪ್ ಗ್ಯಾಸ್ ಎಂಬ ಒಣ ಅನಿಲ ಹೋಗುತ್ತದೆ, ತೇವವಾಗಿ ಹೊರಬರುತ್ತದೆ. 37 ಡಿಗ್ರಿಯಲ್ಲಿ ಒಂದು ಲೀಟರ್ ಅನಿಲ 44 ಮಿ.ಗ್ರಾಂ ನೀರಾವಿ ಹೊರಬಲ್ಲದು. ಅಂದರೆ ನಿಮಿಷಕ್ಕೆ 1 ಲೀಟರ್ ಸ್ವೀಪ್ ಗ್ಯಾಸ್‌ಗೆ ದಿನಕ್ಕೆ ಹೆಚ್ಚೆಂದರೆ 63 ಮಿ.ಲೀ., 5 ಲೀಟರಿಗೆ 300 ಮಿ.ಲೀ. ಮೀರಿ. ಆಕ್ಸಿಜನೇಟರಿನ ಅನಿಲ ಹೊರಬರುವ ಬಾಯಲ್ಲಿ ತೊಟ್ಟಿಕ್ಕುವ ನೀರು ಇದೇ.

ಇಷ್ಟೆಲ್ಲ ಬರೆದರೂ ಚಾರ್ಟು ಪೂರ್ತಿ ಸರಿಯಿರುವುದಿಲ್ಲ. ತೂಕ ತೂಗುವ ಹಾಸಿಗೆಯಿದ್ದರೆ ದಿನವೂ ಒಂದೇ ಹೊತ್ತಿಗೆ, ಒಂದೇ ದಿಂಬು, ಒಂದೇ ಹೊದಿಕೆ ಇಟ್ಟು, ಕೊಳವೆಗಳನ್ನು ಎತ್ತಿಹಿಡಿದು ತೂಗಿ. ಚಾರ್ಟು 500 ಮಿ.ಲೀ. ಕಡಿಮೆಯಾಗಿದೆ ಎಂದು ಹೇಳುತ್ತಿರುವಾಗ ತೂಕ ಒಂದು ಕೆ.ಜಿ. ಏರಿದ್ದರೆ ಚಾರ್ಟನ್ನು ಮತ್ತೆ ಕೂಡಿ. ದಾಖಲಾದ ದಿನದ ತೂಕದ 10%ಗಿಂತ ಹೆಚ್ಚು ನೀರು ಸೇರಿದೆಯೆಂದರೆ, ಉದಾಹರಣೆಗೆ 60 ಕೆ.ಜಿ.ಯವರಲ್ಲಿ 6 ಲೀಟರ್ ಮೀರಿದ್ದರೆ, ಅದನ್ನು ರೌಂಡ್ಸ್‌ನಲ್ಲಿ ಮೊದಲ ಮಾತಾಗಿ ಹೇಳಿ.

ಪ್ರಶ್ನೆ: ಎಕ್ಮೋ ತರಬೇತಿಯಲ್ಲಿದ್ದೇನೆ. ಸಿರೆಯಿಂದ ಸಿರೆಗೆ ಹೋಗುವ ಎಕ್ಮೋದಲ್ಲಿ ರಕ್ತ ಎಳೆಯುವ ಕೊಳವೆ ನಡುಗತೊಡಗುತ್ತದೆ, ಫ್ಲೋ (ರಕ್ತದ ಹರಿವು) ಬೀಳುತ್ತದೆ. ಪ್ರತಿಸಲವೂ 500 ಮಿ.ಲೀ. ದ್ರವ ಕೊಟ್ಟರೆ ನಿಲ್ಲುತ್ತದೆ, ಒಂದು ಗಂಟೆಗೆ ಮತ್ತೆ ಶುರು. ಹೀಗೆ ಕೊಡುತ್ತಲೇ ಇರಬೇಕೇ?

ಉತ್ತರ: ಬೇಡ. ಎಕ್ಮೋ ರೋಗಿಗಳ ಮೈಗೆ ಲೀಟರ್‌ಗಟ್ಟಲೆ ನೀರು ಸೇರುವುದು ಬಹುಪಾಲು ಈ ಒಂದು ಅಭ್ಯಾಸದಿಂದ. ಶ್ವಾಸಕೋಶ ಒಣಗಲೆಂದೇ ಎಕ್ಮೋ ಹಾಕಿ, ಯಂತ್ರದ ಫ್ಲೋ ಉಳಿಸಲು ಅದೇ ಶ್ವಾಸಕೋಶಕ್ಕೆ ನೀರು ತುಂಬುತ್ತಾ ಹೋಗುತ್ತೇವೆ. ಕೊಳವೆಯ ನಡುಕ ಬಾಯಾರಿಕೆಯ ಗುರುತಲ್ಲ. ಸಿರೆಗೆ ಬರುವುದಕ್ಕಿಂತ ಹೆಚ್ಚು ರಕ್ತವನ್ನು ಪಂಪ್ ಎಳೆಯುತ್ತಿದೆ ಎಂದಷ್ಟೇ ಅದರ ಅರ್ಥ. ಎಳೆತ ಮಿತಿ ಮೀರಿದಾಗ ಸಿರೆಯ ಗೋಡೆ ಅದರೊಳಗಿನ ಕೊಳವೆಯಾದ ಕ್ಯಾನುಲಾದ ರಂಧ್ರಗಳಿಗೆ ಅಂಟುತ್ತದೆ, ಫ್ಲೋ ಕಡಿಯುತ್ತದೆ, ಎಳೆತ ತಗ್ಗಿ ಗೋಡೆ ಬಿಡುತ್ತದೆ, ಮತ್ತೆ ಅಂಟುತ್ತದೆ. ನಮಗೆ ಕಾಣುವ ನಡುಕ ಇದೇ.

ಹಾಗಾಗಿ ಮೊದಲು ಕೈ ಹೋಗಬೇಕಾದದ್ದು ಪಂಪಿನ ಗುಂಡಿಗೆ. ಆರ್‌ಪಿಎಂ (ಪಂಪ್ ನಿಮಿಷಕ್ಕೆ ಸುತ್ತುವ ವೇಗ) ಅನ್ನು 200–300ರಷ್ಟು ಮೆಲ್ಲಗೆ ಇಳಿಸಿ. ಅನೇಕ ಸಲ ನಡುಕ ನಿಂತು ಫ್ಲೋ ಅಷ್ಟೇ ಉಳಿಯುತ್ತದೆ, ಕೆಲವೊಮ್ಮೆ ಏರುತ್ತದೆ ಕೂಡ. ನಡುಕವಿರುವಾಗ ಆರ್‌ಪಿಎಂ ಏರಿಸುವುದು ಎಲ್ಲಕ್ಕಿಂತ ಕೆಟ್ಟ ಪ್ರತಿಕ್ರಿಯೆ. ಎಳೆಯುವ ಬದಿಯ ಒತ್ತಡವನ್ನು ಓದಿ. ಮೈನಸ್ 100 ಮಿ.ಮೀ. ಪಾದರಸಕ್ಕಿಂತ ಕೆಳಗೆ ಹೋದರೆ ಎಚ್ಚರವಾಗಿ, ಮೈನಸ್ 300 ಮುಟ್ಟಲು ಎಂದೂ ಬಿಡಬೇಡಿ. ಅಷ್ಟು ಎಳೆತದಲ್ಲಿ ರಕ್ತದಲ್ಲಿ ಕರಗಿದ ಅನಿಲ ಗುಳ್ಳೆಯಾಗಿ ಹೊರಬರಬಹುದು, ಕೆಂಪುಕಣಗಳು ಒಡೆಯುತ್ತವೆ. ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ, ಪ್ಲಾಸ್ಮಾದ ಬಿಡಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 50 ಮಿ.ಗ್ರಾಂ ದಾಟಿದರೆ ಆ ಒಡೆತ ಆಗಲೇ ನಡೆದಿದೆ. ಅದು ಮೂತ್ರಪಿಂಡಕ್ಕೆ ಹೊಡೆತ.

ಆಮೇಲೆ ತೊಡೆಸಂದಿಯಿಂದ ಪಂಪಿನವರೆಗೆ ಕೊಳವೆಯುದ್ದಕ್ಕೂ ಕೈಯಾಡಿಸಿ. ಕಾಲು ಮಡಚಿದೆಯೇ, ಹಾಸಿಗೆಯ ಕಂಬಿಗೆ ಸಿಕ್ಕಿದೆಯೇ, ಮಗ್ಗುಲು ಬದಲಿಸಿದಾಗ ಮೈಕೆಳಗೆ ಹೋಗಿದೆಯೇ? ಚರ್ಮದ ಹತ್ತಿರ ಕ್ಯಾನುಲಾದ ಸೆಂಟಿಮೀಟರ್ ಗುರುತು ನಿನ್ನೆಯದೇ ಇದೆಯೇ? ಒಂದೆರಡು ಸೆಂ.ಮೀ. ಸರಿದರೂ ತುದಿ ಯಕೃತ್ತಿನ ಸಿರೆಯೊಳಗೆ ಹೊಕ್ಕಿರಬಹುದು. ಅನುಮಾನವಿದ್ದರೆ ಎಕ್ಸ್‌ರೇ ಅಥವಾ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ.

ನಂತರ ರೋಗಿ. ಕೆಮ್ಮು, ಮುಕ್ಕುವುದು, ಮೈನಡುಕ, ಎಚ್ಚರಗೊಂಡು ಒದ್ದಾಡುವುದು ಇವೆಲ್ಲ ಎದೆ ಮತ್ತು ಹೊಟ್ಟೆಯ ಒತ್ತಡವನ್ನು ಏರಿಸಿ ಸಿರೆಯನ್ನು ಹಿಸುಕುತ್ತವೆ. ಇಲ್ಲಿ ಬೇಕಿರುವುದು ನೋವಿನ ಔಷಧಿ, ಕಫ ಎಳೆಯುವುದು, ವೆಂಟಿಲೇಟರ್ ಹೊಂದಿಸುವುದು. ಹೊಟ್ಟೆ ಬಿಗಿದಿದ್ದರೆ ಮೂತ್ರಕೋಶದ ಮೂಲಕ ಒತ್ತಡ ಅಳೆಯಿರಿ. 12 ಮಿ.ಮೀ. ಪಾದರಸ ಮೀರಿದರೆ ಅಸಹಜ, ಹೊಸದಾಗಿ ಅಂಗವೈಫಲ್ಯದೊಂದಿಗೆ 20 ಮೀರಿದರೆ ತುರ್ತು. ಆ ಸ್ಥಿತಿಯಲ್ಲಿ ದ್ರವ ಕೊಟ್ಟರೆ ಕರುಳು ಇನ್ನೂ ಊದಿ ಒತ್ತಡ ಮತ್ತಷ್ಟು ಏರುತ್ತದೆ. ಎದೆಗೂಡಿನಲ್ಲಿ ಗಾಳಿ ಸೇರಿರುವುದು, ಹೃದಯದ ಚೀಲದಲ್ಲಿ ರಕ್ತ ಕಟ್ಟಿರುವುದು ಇವೆರಡೂ ಮೊದಲು ಕಾಣಿಸಿಕೊಳ್ಳುವುದು ಬಹಳ ಸಲ ಕೊಳವೆಯ ನಡುಕವಾಗಿಯೇ. ದ್ರವ ಕೊಟ್ಟಾಗ ಎರಡೂ ತುಸು ಹೊತ್ತು ಸುಧಾರಿಸಿದಂತೆ ಕಾಣುತ್ತವೆ, ಅದೇ ಅಪಾಯ. ಹೆಪ್ಪುಗಟ್ಟದಂತೆ ಹೆಪಾರಿನ್ ಹೋಗುತ್ತಿರುವವರಲ್ಲಿ ಬೆನ್ನಿನ ಕಡೆಗೆ, ತೊಡೆಯೊಳಗೆ ಒಳರಕ್ತಸ್ರಾವ ಆಗುತ್ತಿರಬಹುದು. ಹಿಮೋಗ್ಲೋಬಿನ್ ನೋಡಿ. ಹೋಗುತ್ತಿರುವುದು ರಕ್ತವಾದರೆ ಕೊಡಬೇಕಾದದ್ದೂ ರಕ್ತವೇ.

ಇದೆಲ್ಲ ನೋಡಿ ನಿಜವಾಗಿ ಕೊರತೆಯೇ ಎನಿಸಿದರೆ 500 ಅಲ್ಲ, 250 ಮಿ.ಲೀ. ಕೊಡಿ, 10–15 ನಿಮಿಷದಲ್ಲಿ. ಆರ್‌ಪಿಎಂ ಮುಟ್ಟಬೇಡಿ. ಅದೇ ವೇಗದಲ್ಲಿ ಫ್ಲೋ ಏರಿತೇ, ಎಳೆತದ ಒತ್ತಡ ಸೊನ್ನೆಯ ಕಡೆಗೆ ಬಂದಿತೇ ಎಂದು ಬರೆದಿಡಿ. ಬದಲಾವಣೆ ಇಲ್ಲದಿದ್ದರೆ ಎರಡನೇ ಬಾಟಲಿ ಕೇಳಬೇಡಿ, ಕಾರಣವನ್ನು ಮತ್ತೆ ಹುಡುಕಿ.

ಇನ್ನೊಂದು ಮಾತು. ಆ ಫ್ಲೋ ನಿಜಕ್ಕೂ ಬೇಕಿತ್ತೇ? ಕೆ.ಜಿ.ಗೆ ನಿಮಿಷಕ್ಕೆ 60–80 ಮಿ.ಲೀ. ಎಂಬುದು ಆರಂಭದ ಅಂದಾಜು, ದಿನವೂ ಕಾಯಬೇಕಾದ ಅಂಕಿಯಲ್ಲ. ಲ್ಯಾಕ್ಟೇಟ್ ಸರಿಯಿದ್ದು, ಹಿಮೋಗ್ಲೋಬಿನ್ ಸಾಕಷ್ಟಿದ್ದು, ಹೃದಯ ಚೆನ್ನಾಗಿ ಬಡಿಯುತ್ತಿದ್ದರೆ ಬೆರಳಿನ ಆಮ್ಲಜನಕ 85–88%ರಲ್ಲೂ ಅಂಗಾಂಗಗಳು ಸುರಕ್ಷಿತವಾಗಿ ಇರಬಲ್ಲವು. 96% ಕಾಣಬೇಕೆಂಬ ಆಸೆಗೆ ಎರಡು ಲೀಟರ್ ನೀರು ಏರಿಸುವುದು ನಷ್ಟದ ವ್ಯಾಪಾರ. ಆಮ್ಲಜನಕ ಸಾಲದಿದ್ದರೆ ಜ್ವರ ಇಳಿಸಿ, ನಿದ್ರೆ ಗಾಢ ಮಾಡಿ ಬೇಡಿಕೆಯನ್ನು ತಗ್ಗಿಸಬಹುದು. ದೊಡ್ಡ ಮೈಯವರಿಗೆ ಎಳೆಯುವ ಕ್ಯಾನುಲಾ ಇನ್ನೊಂದು ಬೇಕಾಗಬಹುದು. ಆಕ್ಸಿಜನೇಟರಿಗೆ ಹೋಗುವ ಮುನ್ನವೇ ರಕ್ತದ ಸ್ಯಾಚುರೇಷನ್ (ಆಮ್ಲಜನಕದ ಪ್ರಮಾಣ) 80% ಮೀರಿ ಏರುತ್ತಾ, ರೋಗಿಯದು ಇಳಿಯುತ್ತಾ ಇದ್ದರೆ ಅದು ಮರುಸುತ್ತು: ಈಗಷ್ಟೇ ಆಮ್ಲಜನಕ ತುಂಬಿ ಬಿಟ್ಟ ರಕ್ತವನ್ನೇ ಪಂಪ್ ಮತ್ತೆ ಎಳೆಯುತ್ತಿದೆ. ಆಗ ದ್ರವವಾಗಲಿ ಆರ್‌ಪಿಎಂ ಆಗಲಿ ಉಪಯೋಗಕ್ಕೆ ಬಾರದು. ಎರಡು ಕ್ಯಾನುಲಾಗಳ ತುದಿಗಳ ನಡುವೆ ಅಂತರ ಹೆಚ್ಚಿಸಬೇಕು.

ಪ್ರಶ್ನೆ: ಸಿವಿಪಿ (ಹೃದಯದ ಬಳಿಯ ದೊಡ್ಡ ಸಿರೆಯ ಒತ್ತಡ) 14 ಇದ್ದರೆ ರೋಗಿ ತುಂಬಿದ್ದಾನೆ, 4 ಇದ್ದರೆ ಖಾಲಿ ಎಂದು ತಿಳಿಯಬಹುದೇ? (ಸ್ನಾತಕೋತ್ತರ ವಿದ್ಯಾರ್ಥಿ)

ಉತ್ತರ: ಒಂದೇ ಅಂಕಿಯಿಂದ ತಿಳಿಯದು. ಪೀಪ್ (ಉಸಿರು ಬಿಟ್ಟ ಮೇಲೂ ವೆಂಟಿಲೇಟರ್ ಉಳಿಸುವ ಒತ್ತಡ) 14 ಇಟ್ಟಿರುವ ರೋಗಿಯಲ್ಲಿ ಎದೆಯೊಳಗಿನ ಒತ್ತಡದ ಒಂದು ಪಾಲು ಸಿವಿಪಿಯಲ್ಲೂ ಓದಿಕೊಳ್ಳುತ್ತದೆ. ನಾಡಿಯೊತ್ತಡದ ಏರಿಳಿತವೂ ಒಂದು ಉಸಿರಿಗೆ ಕೆ.ಜಿ.ಗೆ 6 ಮಿ.ಲೀ. ಗಾಳಿ ಹೋಗುವ ಟೈಡಲ್ ವಾಲ್ಯೂಮ್‌ನಲ್ಲಿ ಸುಳ್ಳು ಹೇಳುತ್ತದೆ. ಅದನ್ನು ಒಂದು ನಿಮಿಷದ ಮಟ್ಟಿಗೆ 8 ಮಿ.ಲೀ.ಗೆ ಏರಿಸಿದಾಗ ಏರಿಳಿತ ಶೇಕಡಾ 3.5 ಅಂಶದಷ್ಟು ಹೆಚ್ಚಿದರೆ ಹೃದಯ ದ್ರವಕ್ಕೆ ಸ್ಪಂದಿಸುತ್ತದೆ ಎಂದರ್ಥ. ರೋಗಿ ತಾನಾಗಿ ಉಸಿರೆಳೆಯುತ್ತಿದ್ದರೆ ಅಥವಾ ಹೃದಯದ ಲಯ ತಪ್ಪಿದ್ದರೆ ಈ ಪರೀಕ್ಷೆ ನಡೆಯದು. ಎರಡೂ ಕಾಲು ಎತ್ತಿ ಒಂದು ನಿಮಿಷದೊಳಗೆ ಹೃದಯದ ಹರಿವು 10% ಏರುವುದನ್ನು ಎಕೋದಲ್ಲಿ ನೋಡುವುದು ಹೆಚ್ಚು ನಂಬಿಕೆಯದು, ಆದರೆ ತೊಡೆಯಲ್ಲಿ ಎಕ್ಮೋ ಕ್ಯಾನುಲಾ ಇರುವವರ ಕಾಲು ಎತ್ತಬೇಡಿ.

ಪರೀಕ್ಷೆಯಲ್ಲಿ ಸ್ಪಂದನೆ ಕಂಡಿತೆಂದ ಮಾತ್ರಕ್ಕೆ ದ್ರವ ಕೊಡಬೇಕೆಂದಿಲ್ಲ. ಆರೋಗ್ಯವಂತರ ಹೃದಯವೂ ದ್ರವಕ್ಕೆ ಸ್ಪಂದಿಸುತ್ತದೆ. ಕೊಡುವ ಮುನ್ನ ಕೇಳಿಕೊಳ್ಳಬೇಕಾದದ್ದು: ಅಂಗಗಳಿಗೆ ರಕ್ತ ಸಾಲುತ್ತಿಲ್ಲ ಎಂಬುದಕ್ಕೆ ಬೇರೆ ಗುರುತು ಇದೆಯೇ? ಚರ್ಮ ತಣ್ಣಗಿದೆಯೇ, ಬೆರಳು ಒತ್ತಿಬಿಟ್ಟರೆ ಬಣ್ಣ ಮರಳಲು 3 ಸೆಕೆಂಡ್ ಮೀರುತ್ತದೆಯೇ, ಲ್ಯಾಕ್ಟೇಟ್ ಏರುತ್ತಿದೆಯೇ? ಬರೀ ಮೂತ್ರ ಕಡಿಮೆಯಾಯಿತೆಂದು ಬಾಟಲಿ ಏರಿಸುವುದನ್ನು ನಾವು ಒಪ್ಪುವುದಿಲ್ಲ. ಸಿರೆಗಳಲ್ಲಿ ರಕ್ತ ದಟ್ಟೈಸಿ ಕಿಡ್ನಿ ಊದಿದಾಗಲೂ ಮೂತ್ರ ಕಡಿಮೆಯಾಗುತ್ತದೆ, ಅದಕ್ಕೆ ಚಿಕಿತ್ಸೆ ನೀರು ತೆಗೆಯುವುದು.

ಪ್ರಶ್ನೆ: ನೀರು ತೆಗೆಯುವಾಗ ಫ್ಯೂರೋಸೆಮೈಡ್ (ಮೂತ್ರ ಹೆಚ್ಚಿಸುವ ಔಷಧಿ) ಎಷ್ಟರಿಂದ ಶುರು ಮಾಡಬೇಕು? ಯಾವಾಗ ಡಯಾಲಿಸಿಸ್‌ಗೆ ಹೋಗಬೇಕು? ಎಕ್ಮೋ ಇದ್ದರೆ ಅದನ್ನು ಎಲ್ಲಿ ಜೋಡಿಸಬೇಕು?

ಉತ್ತರ: ಹಿಂದೆ ಈ ಔಷಧಿ ತೆಗೆದುಕೊಂಡಿರದವರಿಗೆ ಸಿರೆಯ ಮೂಲಕ 20–40 ಮಿ.ಗ್ರಾಂ. ಎರಡು ಗಂಟೆ ಕಾದು ಮೂತ್ರ ಅಳೆಯಿರಿ. ಸಾಲದಿದ್ದರೆ ಪ್ರಮಾಣವನ್ನು ಇಮ್ಮಡಿ ಮಾಡಿ. ಅದೇ ಸಣ್ಣ ಡೋಸನ್ನು ಮತ್ತೆ ಮತ್ತೆ ಕೊಟ್ಟರೆ ಕೆಲಸವಾಗದು, ಏಕೆಂದರೆ ಒಂದು ಮಟ್ಟ ದಾಟುವವರೆಗೆ ಈ ಔಷಧಿ ಕೆಲಸವನ್ನೇ ಶುರು ಮಾಡುವುದಿಲ್ಲ. ಕೆಲಸ ಮಾಡುವ ಡೋಸ್ ಸಿಕ್ಕಮೇಲೆ ಗಂಟೆಗೆ 5–20 ಮಿ.ಗ್ರಾಂ ನಿರಂತರವಾಗಿ ಕೊಡಬಹುದು. ದೊಡ್ಡ ಡೋಸನ್ನು ನಿಮಿಷಕ್ಕೆ 4 ಮಿ.ಗ್ರಾಂ ಮೀರದಂತೆ ನಿಧಾನವಾಗಿ ಕೊಡಬೇಕು, ಅವಸರ ಮಾಡಿದರೆ ಕಿವಿಗೆ ಹಾನಿ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ನಿವ್ವಳ ಇಳಿಕೆ ಹೆಚ್ಚಿನವರಿಗೆ ತಡೆಯುತ್ತದೆ.

ಏನು ಕೆಡುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದು ಹೃದಯದ ಲಯ ತಪ್ಪುತ್ತದೆ, 6–8 ಗಂಟೆಗೊಮ್ಮೆ ನೋಡಿ ತುಂಬಿಕೊಡಿ. ಬೈಕಾರ್ಬೊನೇಟ್ ಏರಿದರೆ ಉಸಿರಿನ ಪ್ರೇರಣೆಯೇ ಕುಗ್ಗಿ ವೆಂಟಿಲೇಟರ್ ಬಿಡಿಸುವುದು ಕಷ್ಟವಾಗುತ್ತದೆ. ಅಲ್ಲಿ ಅಸಿಟಜೋಲಮೈಡ್ ಎಂಬ ಔಷಧಿ 250–500 ಮಿ.ಗ್ರಾಂ ನೆರವಾಗುತ್ತದೆ. ಸೋಡಿಯಂ ಏರುವುದು ಹಲವರನ್ನು ಗೊಂದಲಕ್ಕೀಡುಮಾಡುತ್ತದೆ. ಫ್ಯೂರೋಸೆಮೈಡ್‌ನಿಂದ ಬರುವ ಮೂತ್ರದಲ್ಲಿ ಉಪ್ಪು ರಕ್ತಕ್ಕಿಂತ ಕಡಿಮೆ, ಆದ್ದರಿಂದ ಮೈಯಲ್ಲಿ ನೀರಿಗೆ ಹೋಲಿಸಿದರೆ ಉಪ್ಪು ಹೆಚ್ಚು ಉಳಿಯುತ್ತದೆ. ಸೋಡಿಯಂ 150 ಆಯಿತೆಂದು ಔಷಧಿ ನಿಲ್ಲಿಸಿ ಸಲೈನ್ ಕೊಟ್ಟರೆ ಹೊರಹಾಕಿದ ಉಪ್ಪನ್ನು ಮತ್ತೆ ತುಂಬಿದಂತೆ. ನಳಿಕೆಯಿಂದ ಬರೀ ನೀರು ಕೊಡಿ, ಔಷಧಿಗಳನ್ನು ಸಾಧ್ಯವಿದ್ದಲ್ಲಿ ಡೆಕ್ಸ್‌ಟ್ರೋಸ್‌ನಲ್ಲಿ ಕಲಸಿ, ದಿನಕ್ಕೆ 8–10 ಮಿಲಿಮೋಲ್‌ಗಿಂತ ವೇಗವಾಗಿ ಇಳಿಸಬೇಡಿ. ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆ) ತುಸು ಏರಿದ್ದಕ್ಕೇ ಹೆದರಿ ನಿಲ್ಲಿಸುವುದೂ ಬೇಡ. ನಾರ್‌ಅಡ್ರಿನಲಿನ್ ಹೆಚ್ಚಿಸಬೇಕಾಗಿ ಬಂದರೆ, ಲ್ಯಾಕ್ಟೇಟ್ ಏರಿದರೆ, ಕೈಕಾಲು ತಣ್ಣಗಾದರೆ, ಎಕ್ಮೋ ಕೊಳವೆ ಹೊಸದಾಗಿ ನಡುಗಿದರೆ ನಿಲ್ಲಿಸಿ.

ಕಿಡ್ನಿ ಸ್ಪಂದಿಸುತ್ತದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ: ಕೆ.ಜಿ.ಗೆ 1 ಮಿ.ಗ್ರಾಂ, ಈಗಾಗಲೇ ಔಷಧಿ ಪಡೆಯುತ್ತಿದ್ದರೆ 1.5 ಮಿ.ಗ್ರಾಂ ಫ್ಯೂರೋಸೆಮೈಡ್ ಕೊಟ್ಟು 2 ಗಂಟೆಯಲ್ಲಿ 200 ಮಿ.ಲೀ. ಮೂತ್ರವೂ ಬಾರದಿದ್ದರೆ ಹಾನಿ ಮುಂದುವರಿಯುವ ಸಂಭವ ಹೆಚ್ಚು. ಮೈ ಊದಿದ್ದು, ಶ್ವಾಸಕೋಶ ತೊಯ್ದಿದ್ದು, ಈ ಪರೀಕ್ಷೆಯೂ ಸೋತರೆ ನಿರಂತರ ಡಯಾಲಿಸಿಸ್‌ಗೆ ತಡಮಾಡಬಾರದು. ಗಂಟೆಗೆ ಕೆ.ಜಿ.ಗೆ 1ರಿಂದ 1.75 ಮಿ.ಲೀ. ನಿವ್ವಳ ತೆಗೆಯುವುದು ಒಳ್ಳೆಯ ಮಿತಿ. 60 ಕೆ.ಜಿ.ಯವರಲ್ಲಿ ಗಂಟೆಗೆ 60–105 ಮಿ.ಲೀ. ಯಂತ್ರ ತೋರಿಸುವ ಈ ಅಂಕಿಯಿಂದ ಒಳಹೋದ ಔಷಧಿ, ಆಹಾರ ಕಳೆದಾಗಲೇ ರೋಗಿಯ ನಿಜವಾದ ಲೆಕ್ಕ ಸಿಗುವುದು.

ಎಕ್ಮೋ ಕೊಳವೆಗೆ ಡಯಾಲಿಸಿಸ್ ಜೋಡಿಸುವುದಾದರೆ ಪಂಪ್ ದಾಟಿದ ಮೇಲೆ, ಆಕ್ಸಿಜನೇಟರಿಗೆ ಮುಂಚೆ. ಡಯಾಲಿಸಿಸ್‌ನಿಂದ ಗಾಳಿಗುಳ್ಳೆ, ಹೆಪ್ಪು ಬಂದರೂ ಆಕ್ಸಿಜನೇಟರಿನಲ್ಲೇ ಸಿಕ್ಕಿಬೀಳುತ್ತವೆ. ಅಲ್ಲಿ ಒತ್ತಡ ಹೆಚ್ಚಿರುವುದರಿಂದ ಡಯಾಲಿಸಿಸ್ ಯಂತ್ರ ಮೇಲಿಂದ ಮೇಲೆ ಅಲಾರಾಂ ಹೊಡೆಯುತ್ತದೆ. ಯಂತ್ರದ ಒತ್ತಡದ ಮಿತಿಗಳನ್ನು ಪರ್ಫ್ಯೂಷನಿಸ್ಟ್ (ಎಕ್ಮೋ ಯಂತ್ರ ನಡೆಸುವ ತಂತ್ರಜ್ಞರು) ಜತೆ ಕೂತು ಹೊಂದಿಸಿಕೊಳ್ಳಿ, ಅಲಾರಾಂ ಬಾಯಿ ಮುಚ್ಚಿಸಬೇಡಿ. ಪಂಪಿಗೆ ಮುಂಚಿನ ಭಾಗದಲ್ಲಿ ಸದಾ ಎಳೆತವಿರುತ್ತದೆ. ಅಲ್ಲಿ ಒಂದು ಟ್ಯಾಪ್ ತೆರೆದುಕೊಂಡರೂ ಗಾಳಿ ಒಳನುಗ್ಗಿ ಪಂಪ್ ನಿಲ್ಲುತ್ತದೆ.

ಪ್ರಶ್ನೆ: ಯಾವ ದ್ರವ ಒಳ್ಳೆಯದು? ಆಲ್ಬುಮಿನ್ ಕೊಟ್ಟರೆ ಬೇಗ ಗುಣವಾಗುತ್ತದೆಯೇ?

ಉತ್ತರ: ಹೆಚ್ಚಿನವರಿಗೆ ರಿಂಗರ್ ಲ್ಯಾಕ್ಟೇಟ್‌ನಂಥ ಸಮತೋಲಿತ ದ್ರವ. ನಾರ್ಮಲ್ ಸಲೈನ್‌ನಲ್ಲಿ ಕ್ಲೋರೈಡ್ ಲೀಟರಿಗೆ 154 ಮಿಲಿಮೋಲ್, ರಕ್ತದಲ್ಲಿರುವುದು 100ರ ಆಸುಪಾಸು. ಲೀಟರ್‌ಗಟ್ಟಲೆ ಹೋದರೆ ರಕ್ತದ ಆಮ್ಲತೆ ಏರುತ್ತದೆ. ತಲೆಗೆ ಪೆಟ್ಟು ಬಿದ್ದವರಿಗೆ ಮಾತ್ರ ಸಲೈನ್ ಮೇಲು. ಸ್ಟಾರ್ಚ್ ದ್ರವಗಳು ಕಿಡ್ನಿಗೆ ಕೆಡುಕು ಮಾಡುತ್ತವೆಂದು 2012ರ ದೊಡ್ಡ ಅಧ್ಯಯನಗಳು ತೋರಿಸಿದ ಮೇಲೆ ಅವನ್ನು ಬಳಸಬಾರದು. ಆಲ್ಬುಮಿನ್ ವಿಷಯದಲ್ಲಿ, ಸುಮಾರು 7000 ರೋಗಿಗಳ 2004ರ ಸೇಫ್ ಅಧ್ಯಯನದಲ್ಲಿ 4% ಆಲ್ಬುಮಿನ್‌ಗೂ ಸಲೈನ್‌ಗೂ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ರಕ್ತದ ಪ್ರೋಟೀನ್ ತೀರಾ ಇಳಿದು, ನೀರು ತೆಗೆಯಹೊರಟಾಗಲೆಲ್ಲ ರಕ್ತದೊತ್ತಡ ಬೀಳುವವರಿಗೆ 20% ಆಲ್ಬುಮಿನ್ 100 ಮಿ.ಲೀ. ಜತೆ ಫ್ಯೂರೋಸೆಮೈಡ್ ಕೊಡುವುದುಂಟು. ಎಲ್ಲರಿಗೂ ದಿನವೂ ಕೊಡುವ ಟಾನಿಕ್ ಅದಲ್ಲ.

ಪ್ರಶ್ನೆ: ಅಮ್ಮನಿಗೆ ಶ್ವಾಸಕೋಶ ಸುಧಾರಿಸಿದೆ ಎಂದರು. ಆದರೆ ಟ್ಯೂಬ್ ತೆಗೆಯುವ ಮುಂಚಿನ ಪರೀಕ್ಷೆಯಲ್ಲಿ ಎರಡು ಸಲ ಏದುಸಿರು ಬಂತು. ಈಗ ನೀರು ತೆಗೆದು ಮತ್ತೆ ನೋಡುತ್ತೇವೆ ಎನ್ನುತ್ತಾರೆ. ಏನು ಸಂಬಂಧ?

ಉತ್ತರ: ನೇರ ಸಂಬಂಧವಿದೆ. ವೆಂಟಿಲೇಟರ್ ಗಾಳಿಯನ್ನು ಒಳಕ್ಕೆ ತಳ್ಳುವಾಗ ಎದೆಯೊಳಗೆ ಒತ್ತಡವಿದ್ದು ಹೃದಯಕ್ಕೆ ಮರಳುವ ರಕ್ತ ತುಸು ಕಡಿಮೆಯಿರುತ್ತದೆ. 30 ನಿಮಿಷದ ಪರೀಕ್ಷೆಯಲ್ಲಿ ಆ ಆಸರೆ ತೆಗೆದ ಕೂಡಲೇ ರಕ್ತ ಒಮ್ಮೆಲೇ ಹೃದಯಕ್ಕೆ ಮರಳುತ್ತದೆ, ಜತೆಗೆ ಎಡ ಹೃದಯದ ಶ್ರಮವೂ ಹೆಚ್ಚುತ್ತದೆ. ಮೈಯಲ್ಲಿ ನೀರು ಮಿಕ್ಕಿದ್ದರೆ, ಹೃದಯ ಬಿಗಿಯಾಗಿದ್ದರೆ ಆ ಅರ್ಧ ಗಂಟೆಯಲ್ಲೇ ಶ್ವಾಸಕೋಶ ಮತ್ತೆ ತೊಯ್ಯುತ್ತದೆ. ಪರೀಕ್ಷೆಯ ಹೊತ್ತಿಗೆ ರಕ್ತದೊತ್ತಡ ಏರುತ್ತಾ ಉಸಿರು ಕೆಟ್ಟಿದ್ದರೆ, ಶ್ವಾಸಕೋಶದ ಅಲ್ಟ್ರಾಸೌಂಡ್‌ನಲ್ಲಿ ಹೊಸದಾಗಿ ಉದ್ದ ಗೆರೆಗಳು (ನೀರು ಸೇರಿದ ಗುರುತು) ಕಂಡಿದ್ದರೆ ಇದೇ ಕಾರಣ ಎನ್ನಬಹುದು. ಒಂದೆರಡು ದಿನ ನೀರು ತೆಗೆದು, ರಕ್ತದೊತ್ತಡ ಹತೋಟಿಗೆ ತಂದು ಮತ್ತೆ ಪರೀಕ್ಷಿಸುವುದು ಸರಿಯಾದ ಕ್ರಮ.

ಪ್ರಶ್ನೆ: ಗಂಟಲಲ್ಲಿ ಟ್ಯೂಬ್ ಇದ್ದರೂ ನಮ್ಮ ಯಜಮಾನರಿಗೆ ಎಚ್ಚರವಿದೆ. ನೀರು ನೀರು ಎಂದು ಕೈಸನ್ನೆ ಮಾಡುತ್ತಾರೆ. ಅವರಿಗೆ ನೀರು ತೆಗೆಯುವ ಔಷಧಿ ಬೇರೆ ನಡೆದಿದೆ. ನೋಡಲಾಗುತ್ತಿಲ್ಲ.

ಉತ್ತರ: ಐಸಿಯುನ ಅತಿ ದೊಡ್ಡ ಯಾತನೆಗಳಲ್ಲಿ ಬಾಯಾರಿಕೆ ಒಂದು. ಅದನ್ನು ಸಣ್ಣದೆಂದು ಯಾರೂ ತಳ್ಳಿಹಾಕಬಾರದು. ಡ್ರಿಪ್ ಹೆಚ್ಚಿಸಿದರೆ ಇದು ಹೋಗುವುದಿಲ್ಲ, ಏಕೆಂದರೆ ಬಾಯಿ ತೆರೆದೇ ಇರುವುದರಿಂದ ಅದು ಒಣಗಿದೆ, ಕೆಲವು ಔಷಧಿಗಳು ಜೊಲ್ಲನ್ನೂ ಕಡಿಮೆ ಮಾಡುತ್ತವೆ. ಬಾಯಿಗೆ ನೀರು ಹಾಕಲು ಹೋಗಬೇಡಿ, ಟ್ಯೂಬ್ ಪಕ್ಕದಿಂದ ಶ್ವಾಸಕೋಶಕ್ಕೆ ಇಳಿಯುತ್ತದೆ. ಶುಶ್ರೂಷಕಿಯರನ್ನು ಕೇಳಿ, ತಣ್ಣನೆಯ ಶುದ್ಧ ನೀರನ್ನು ನಾಲಿಗೆ, ಕೆನ್ನೆಯ ಒಳಭಾಗಕ್ಕೆ ಸಣ್ಣಗೆ ಸಿಂಪಡಿಸಿಸಿ, ಮಿಕ್ಕದ್ದನ್ನು ಅವರು ಎಳೆದು ತೆಗೆಯುತ್ತಾರೆ. ತಣ್ಣನೆ ನೀರಿನಲ್ಲಿ ಅದ್ದಿದ ಸ್ಪಂಜಿನ ಕಡ್ಡಿಯಿಂದ ಬಾಯಿ ಒರೆಸಬಹುದು, ತುಟಿಗೆ ತೇವದ ಮುಲಾಮು ಹಚ್ಚಬಹುದು. ಕೆಲವು ನಿಮಿಷಗಳ ಈ ಆರೈಕೆಯನ್ನು ಗಂಟೆಗೊಮ್ಮೆ ಮಾಡುತ್ತಿದ್ದರೆ ಹಿತ ಕಾಣುತ್ತದೆ. ರಕ್ತದ ಸೋಡಿಯಂ ಎಷ್ಟಿದೆ ಎಂದೂ ವೈದ್ಯರನ್ನು ವಿಚಾರಿಸಿ. ಅದು ಏರಿದ್ದರೆ ಅವರ ಬಾಯಾರಿಕೆ ಮೈಯೊಳಗಿನದು, ನಳಿಕೆಯ ಮೂಲಕ ನೀರು ಕೊಡುವುದನ್ನು ವೈದ್ಯರು ಯೋಚಿಸಬೇಕಾಗುತ್ತದೆ.